ಕೋಕೋಸ್ ದ್ವೀಪಕ್ಕೆ ಕೊಬ್ಬರಿ ಕಲಿಸಲು ಹೋದದ್ದು

ಅರಸೀಕೆರೆ

ನಾನು ಓದು ನಿಲ್ಲಿಸಿದ್ದು ೧೯೮೪ರಲ್ಲಿ, ಏಳನೇ ಕ್ಲಾಸಿನ ನಡುವೆ. ಅಪ್ಪ ಮರದಿಂದ ಬಿದ್ದು ಸೊಂಟ ಕಳೆದುಕೊಂಡರು. ಕಾಯಿ ಕೀಳಿಸಿ ಅಟ್ಟಕ್ಕೆ ಏರಿಸುವ ಕೆಲಸ ನನ್ನ ಹೆಗಲಿಗೆ ಬಂತು. ಅದಕ್ಕೆ ನಾನು ಯಾರ ಮುಂದೂ ಗೋಳಾಡಿದವನಲ್ಲ. ಹಗರೆ ಪಕ್ಕದ ನಮ್ಮೂರಲ್ಲಿ ಡಿಗ್ರಿ ಮಾಡಿದವರಿದ್ದಾರೆ. ಅವರ ಮನೆ ಕೊಬ್ಬರಿಯನ್ನೂ ನನ್ನ ಮನೆ ಕೊಬ್ಬರಿಯನ್ನೂ ಅರಸೀಕೆರೆ ಮಾರ್ಕೆಟ್ಟಿನಲ್ಲಿ ಪಕ್ಕಪಕ್ಕ ಸುರಿದರೆ ವರ್ತಕರು ಯಾರ ರಾಶಿಗೆ ಮೊದಲು ಕೈ ಹಾಕುತ್ತಾರೆ ಅಂತ ಊರಿಗೆಲ್ಲ ಗೊತ್ತು.

ನಮ್ಮದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸುಲಿಯದೆ, ಮಟ್ಟೆ ಸಮೇತ ಅಟ್ಟದ ಮೇಲೆ ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಕರಟ ಬಿಡುತ್ತದೆ. ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ. ಆಮೇಲೆ ಸುಲಿದು, ಕರಟ ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯುವುದು. ಬೇರೆ ಕಡೆಯೆಲ್ಲ ಕಾಯಿ ಹೋಳು ಮಾಡಿ ಬಿಸಿಲಿಗೋ ಬೆಂಕಿಗೋ ಒಡ್ಡುತ್ತಾರೆ. ಅದೂ ಕೊಬ್ಬರಿಯೇ ಅನ್ನಿ, ಆದರೆ ಮದುವೆಯಲ್ಲಿ ಮಡಿಲಿಗೆ ಇಡೋ ಅಂಥದ್ದಲ್ಲ.

ನಮ್ಮಕ್ಕನನ್ನು ಬೇಲೂರಿಗೆ ಕೊಟ್ಟಿದೆ. ಅವಳ ಮಗಳು ಸವಿತ ಆಸ್ಟ್ರೇಲಿಯಾದಲ್ಲಿ ನರ್ಸು. ಎರಡು ವರ್ಷದ ಕೆಳಗೆ ಅವಳಿಗೆ ಕೋಕೋಸ್ ಅನ್ನೋ ದ್ವೀಪದ ಆಸ್ಪತ್ರೆಗೆ ಕೆಲಸ ಬಂತು. ಅಲ್ಲಿಂದ ಒಂದು ದಿನ ಫೋಟೋ ಕಳಿಸಿದಳು. ತೆಂಗಿನ ಕಾಡು, ಕೆಳಗೆ ನೆಲ ಕಾಣದ ಹಾಗೆ ಕಾಯಿ, ಮೊಳೆತದ್ದು, ಕೊಳೆತದ್ದು.

"ಮಾವ, ಇಲ್ಲಿ ಕೇಳೋರೇ ಇಲ್ಲ. ಮುಂಚೆ ಕೊಬ್ಬರಿ ಮಾಡ್ತಿದ್ರಂತೆ, ನಿಂತೇ ಹೋಗಿದೆ. ಹಳೇ ಕೆಲಸಗಾರರು ಒಬ್ರಿದಾರೆ, ನಿಮ್ಮ ಉಂಡೆ ಕೊಬ್ಬರಿ ಫೋಟೋ ತೋರಿಸ್ದೆ. ನಂಬ್ತಾನೇ ಇಲ್ಲ. ಒಡೀದೆ ಹೇಗೆ ಒಣಗುತ್ತೆ ಅಂತಾರೆ."

ಹಾಗೆ ಶುರುವಾಯಿತು. ಆ ಹಿರಿಯರು ಅಲ್ಲಿಯ ಪಂಚಾಯ್ತಿಯನ್ನು ಕೇಳಿ, ಖಾಲಿ ಬಿದ್ದಿದ್ದ ಒಂದು ಶೆಡ್ಡು ತೆಗೆದುಕೊಂಡರು. ಒಂದು ವರ್ಷದ ಕರಾರು. ವರ್ಷದೊಳಗೆ ಕೊಬ್ಬರಿ ತೋರಿಸಿದರೆ ಶೆಡ್ಡು ಅವರಿಗೇ ಖಾಯಂ, ಕೆಲಸಕ್ಕೆ ನಾಲ್ಕು ಜನರನ್ನೂ ಕೊಡುವುದು. ಇಲ್ಲದಿದ್ದರೆ ಪ್ರವಾಸಿಗಳ ದೋಣಿ ಇಡೋಕೆ. ನಾನು ಫೋನಿನಲ್ಲೇ ಅಟ್ಟ ಕಟ್ಟಿಸಿದೆ. ಗಳುಗಳ ನಡುವೆ ಎಷ್ಟು ಸಂದು, ಕಾಯಿ ಎಷ್ಟು ಬಲಿತಿರಬೇಕು, ಎಲ್ಲಾ ಹೇಳಿದೆ. ಮುನ್ನೂರು ಕಾಯಿ ಏರಿಸಿದರು. ಎರಡನೇ ತಿಂಗಳಲ್ಲಿ ಸವಿತ ಕೇಳಿದಳು: "ಅಟ್ಟದ ಕೆಳಗೆ ಸ್ವಲ್ಪ ಹೊಗೆ ಹಾಕ್ಲಾ ಅಂತ ಕೇಳ್ತಿದಾರೆ ಮಾವ." ನಾನು ನಕ್ಕುಬಿಟ್ಟೆ. "ಬಿಸಿಲೂ ಬೇಡ, ಬೆಂಕಿಯೂ ಬೇಡ. ಅದೇ ಕಣಮ್ಮ ಇದರ ಗುಟ್ಟು. ಸುಮ್ನೆ ಕಾಯ್ಬೇಕು, ಮುಟ್ಟಬಾರ್ದು ಅಂತ ಹೇಳು." ನಾಲ್ಕನೇ ತಿಂಗಳಲ್ಲಿ ಮತ್ತೆ ಕೇಳಿಸಿದರು. ಈ ಸಲ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಹತ್ತು ತಿಂಗಳು ದಾಟಿದಾಗ, ಬಂದು ಅಟ್ಟ ಬಿಚ್ಚಿಕೊಡಿ ಅಂತ ಪಂಚಾಯ್ತಿಯಿಂದ ಕಾಗದ ಬಂತು. ಅದರಲ್ಲಿ ನನ್ನ ಹೆಸರಿನ ಪಕ್ಕ ಕೊಬ್ಬರಿ ತಜ್ಞ ಅಂತ ಇತ್ತು. ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ತೋರಿಸಿದೆ. ಮೂವತ್ತು ವರ್ಷದಿಂದ ನನ್ನ ಮಾಲು ಕೊಳ್ಳುವ ಬಸಣ್ಣ ಕನ್ನಡಕ ಏರಿಸಿಕೊಂಡು ಓದಿದ.

"ಏನ್ಲಾ ತಿಮ್ಮೇಗೌಡ, ಏಳನೇ ಕ್ಲಾಸು ಪಾಸಾಗ್ದೆ ತಜ್ಞ ಆಗ್ಬಿಟ್ಯಲ್ಲೋ. ನಾನೂ ಆರಕ್ಕೇ ಬಿಟ್ಟಿದ್ರೆ ಮಂತ್ರಿ ಆಯ್ತಿದ್ನೋ ಏನೋ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಪರ್ತ್

ಹಳೇಬೀಡಿನಲ್ಲಿ ಗುಡಿ ನೋಡೋಕೆ ಬರುವ ಫಾರಿನ್ನವರನ್ನು ನಾನು ಸಣ್ಣವನಿಂದ ನೋಡಿದ್ದೀನಿ. ದಾರಿ ಗೊತ್ತಾಗದೆ, ಚಪ್ಪಲಿ ಎಲ್ಲಿ ಬಿಡಬೇಕು ಗೊತ್ತಾಗದೆ ನಿಂತಿರುತ್ತಾರೆ. ಪರ್ತ್ ವಿಮಾನ ನಿಲ್ದಾಣದಲ್ಲಿ ಹಾಗೆ ನಿಂತವನು ನಾನು.

ಬ್ಯಾಗಿನಲ್ಲಿ ಐದು ಉಂಡೆ ಕೊಬ್ಬರಿ ಇಟ್ಟುಕೊಂಡಿದ್ದೆ. ಅಲ್ಲಿಯ ಜನಕ್ಕೆ ಗುರಿ ಯಾವುದು ಅಂತ ತೋರಿಸಬೇಕಲ್ಲ. ಹುಳ, ಬೀಜ, ಮಣ್ಣು ದೇಶದೊಳಕ್ಕೆ ಬಾರದ ಹಾಗೆ ನೋಡುವ ಅಧಿಕಾರಿಗಳು ಅಲ್ಲಿದ್ದಾರೆ. ಸವಿತ ಮೊದಲೇ ಹೇಳಿದ್ದಳು, ಮುಚ್ಚಿಡಬೇಡಿ ಮಾವ ಅಂತ. ಮುಚ್ಚಿಡಲಿಲ್ಲ. ಒಬ್ಬ ಹುಡುಗಿ, ನಮ್ಮ ಸವಿತನ ವಯಸ್ಸು, ಕೈಗವಸು ಹಾಕಿಕೊಂಡು ಒಂದೊಂದೇ ಉಂಡೆ ಎತ್ತಿ ಮೂಸಿದಳು. ಆಮೇಲೆ ಬಹಳ ಮರ್ಯಾದೆಯಿಂದ ಏನೋ ಕೇಳಿದಳು. ನಾನು ತಲೆಯಾಡಿಸಿದೆ. ಚಾಕು ತೆಗೆದು ಐದನ್ನೂ ಒಂದೊಂದಾಗಿ ಹೋಳು ಮಾಡಿದಳು. ಒಳಗೆ ಹುಳ ಇಲ್ಲ ಅಂತ ನೋಡಿ, ಹತ್ತು ಹೋಳನ್ನೂ ನೀಟಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ, ನಗುತ್ತಾ ವಾಪಸ್ ಕೊಟ್ಟಳು.

ಹನ್ನೊಂದು ತಿಂಗಳು ಒಡೆಯದೆ ಕಾಪಾಡಿದ್ದು. ಥ್ಯಾಂಕ್ಯೂ ಅಂದೆ. ಗೊತ್ತಿದ್ದದ್ದು ಅದೊಂದೇ.

ವೆಸ್ಟ್ ಐಲೆಂಡ್

ಪರ್ತಿನಿಂದ ವಿಮಾನ ಸಮುದ್ರದ ಮೇಲೆ ಹಾರಿತು, ಹಾರಿತು. ಕೊನೆಗೆ ಕಿಟಕಿಯಲ್ಲಿ ಕಂಡದ್ದು, ನೀರಿನ ಮೇಲೆ ಯಾರೋ ಬಿಸಾಡಿದ ಮುರುಕು ಬಳೆ. ಬಳೆಯ ಒಳಗೆ ತಿಳಿ ಹಸಿರು ನೀರು, ಹೊರಗೆ ಕಡು ನೀಲಿ. ಆ ಬಳೆಯ ಚೂರುಗಳೇ ದ್ವೀಪಗಳು. ಇಪ್ಪತ್ತೇಳು ಚೂರಂತೆ, ಜನ ಇರುವುದು ಎರಡರಲ್ಲಿ. ಕಲ್ಲಿಲ್ಲ, ಕೆಮ್ಮಣ್ಣಿಲ್ಲ, ಹೊಳೆಯಿಲ್ಲ. ಹವಳದ ಪುಡಿ, ಅದರ ಮೇಲೆ ತೆಂಗು. ಗುಡ್ಡ ಅಂತ ತೋರಿಸಿದ್ದು ನಮ್ಮೂರ ಕೆರೆ ಏರಿಗಿಂತ ಕುಳ್ಳು.

ವೆಸ್ಟ್ ಐಲೆಂಡಿನಲ್ಲಿ ಇರುವವರು ಹೆಚ್ಚಾಗಿ ಸರ್ಕಾರಿ ನೌಕರಿಗೆ ಬಂದ ಬಿಳಿಯರು. ನರ್ಸು, ಮೇಷ್ಟ್ರು, ಪೊಲೀಸು. ಅವಧಿ ಮುಗಿದರೆ ಹೋಗುತ್ತಾರೆ. ವಿಮಾನ ಇಳಿಯುವ ಪಟ್ಟಿಯ ಆಚೀಚೆಗೇ ಗಾಲ್ಫ್ ಮೈದಾನ. ವಿಮಾನ ಬಾರದ ಹೊತ್ತಿನಲ್ಲಿ ಆ ಪಟ್ಟಿಯ ಮೇಲಿಂದಲೇ ಚೆಂಡು ಹೊಡೆಯುತ್ತಾರೆ. ನಮ್ಮಲ್ಲಿ ರಾಗಿ ಕಣವನ್ನು ಡಾಂಬರು ರಸ್ತೆಗೆ ಹಾಕಿದರೆ ಬಯ್ಯುವ ಪೇಟೆಯವರನ್ನು ನೆನೆದುಕೊಂಡೆ.

ಅಂಗಡಿಗೆ ಸವಿತ ಕರೆದುಕೊಂಡು ಹೋದಳು. ಸೊಪ್ಪು ವಿಮಾನದಲ್ಲಿ ಬರಬೇಕು, ಅಕ್ಕಿ ಹಡಗಿನಲ್ಲಿ ಬರಬೇಕು. ಹಡಗು ತಡವಾದರೆ ಕಪಾಟು ಖಾಲಿ. ಒಂದು ಕಪಾಟಿನಲ್ಲಿ ತೆಂಗಿನ ಹಾಲಿನ ಡಬ್ಬಿ ಸಾಲಾಗಿ ಇತ್ತು.

"ಇದು ಇಲ್ಲೀದೇನಮ್ಮ?"

"ಇಲ್ಲ ಮಾವ, ಬೇರೆ ದೇಶದ್ದು. ಇಲ್ಲಿ ಸುಲಿಯೋರು ಯಾರು?"

ಅಂಗಡಿ ಬಾಗಿಲಲ್ಲೇ ಒಂದು ಕಾಯಿ ಬಿದ್ದಿತ್ತು. ಹೋಗಿ ಬರುವವರು ಕಾಲಲ್ಲಿ ಸರಿಸಿ ಓಡಾಡುತ್ತಿದ್ದರು. ನಾನು ಅದನ್ನು ಎತ್ತಿ ಗೋಡೆ ಪಕ್ಕ ಇಟ್ಟೆ.

ಇಲ್ಲಿಯ ಸರ್ಕಾರ ಯಾವುದು ಅಂತ ಕೇಳಿದೆ. ಆಸ್ಟ್ರೇಲಿಯಾದ್ದೇ, ಆದರೆ ಅದರ ಯಾವ ರಾಜ್ಯಕ್ಕೂ ಸೇರಿದ್ದಲ್ಲ. ಮೇಲಿನಿಂದ ನೇಮಕವಾದ ಒಬ್ಬ ಆಡಳಿತಾಧಿಕಾರಿ, ಅವರಿಗೆ ಇನ್ನೊಂದು ದ್ವೀಪವೂ ಸೇರಿದೆ. ಜನ ಆರಿಸುವುದು ಒಂದು ಪಂಚಾಯ್ತಿ. ಎಂ.ಪಿ. ಓಟು ಹಾಕುವುದು ಎಲ್ಲೋ ದೂರದ ಮರುಭೂಮಿ ಸೀಮೆಯ ಕ್ಷೇತ್ರದ ಜೊತೆಗೆ. ಇರುವುದು ಆರುನೂರು ಜನ, ಓಟು ಕೇಳೋಕೆ ಯಾರು ಬಂದಾರು? ಆದರೆ ಆಫೀಸು ಮಾತ್ರ ಚುರುಕು. ಅರ್ಜಿ ಕೊಟ್ಟರೆ ಮಾರನೇ ದಿನ ಉತ್ತರ. ನಮ್ಮ ತಾಲ್ಲೂಕು ಆಫೀಸಿನಲ್ಲಿ ಜಮೀನಿನ ಪೋಡಿಗಾಗಿ ನಾನು ಸವೆಸಿದ ಚಪ್ಪಲಿ ನೆನೆದು, "ಆಫೀಸು ಅಂದ್ರೆ ಹಿಂಗಿರ್ಬೇಕು ಕಣಮ್ಮ" ಅಂದೆ.

ಹೋಮ್ ಐಲೆಂಡ್

ಒಳಗಿನ ಹಸಿರು ನೀರನ್ನು ದೋಣಿಯಲ್ಲಿ ದಾಟಿದರೆ ಹೋಮ್ ಐಲೆಂಡು. ಇಲ್ಲಿರುವವರು ಮಲಯಾ ಕಡೆಯ ಮುಸಲ್ಮಾನರು. ತಲೆಮಾರುಗಳ ಹಿಂದೆ ಇವರ ಹಿರಿಯರನ್ನು ಕೊಬ್ಬರಿ ಕೆಲಸಕ್ಕೆಂದೇ ಕರೆತಂದಿದ್ದು. ಬೀದಿ ಗುಡಿಸಿ ಇಟ್ಟ ಹಾಗಿದೆ. ಮನೆ ಮುಂದೆ ಬಾಳೆ, ಪಪಾಯಿ, ಕೋಳಿ.

ಇಲ್ಲೊಂದು ಪದ್ಧತಿ. ಮೊದಲ ಮಗು ಹುಟ್ಟಿದ ಮೇಲೆ ತಂದೆಯನ್ನು ಆ ಮಗುವಿನ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮ ಹಿರಿಯರಿಗೆ ಮಗಳು ಅಮೀನಾ, ಅದಕ್ಕೆ ಅವರು ಪಾಕ್ ಅಮೀನಾ, ಅಂದರೆ ಅಮೀನಾಳ ಅಪ್ಪ. ನಮ್ಮ ಮನೆಯಲ್ಲೂ ಅವ್ವ, ಗಂಡನ ಹೆಸರು ಹೇಳಬಾರದೆಂದು, ತಿಮ್ಮನ ಅಪ್ಪ ಅಂತಲೇ ಕೂಗುತ್ತಿದ್ದಳು. ಹಾಗಾಗಿ ನನಗೆ ಹೊಸದು ಅನ್ನಿಸಲಿಲ್ಲ.

ಪಾಕ್ ಅಮೀನಾ ಎಪ್ಪತ್ತು ದಾಟಿದವರು. ಒಣಕಲು ಮೈ, ಪಂಚೆಯ ಥರದ ಬಟ್ಟೆ, ತಲೆಗೆ ಟೋಪಿ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಆಮೇಲೆ ತಮ್ಮ ಎದೆಗೆ ಮುಟ್ಟಿಸಿಕೊಂಡರು. ಮೀನು, ಅನ್ನ, ಕಾರದ ಗೊಜ್ಜು ಬಡಿಸಿದರು. ಸವಿತ ನಡುವೆ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸುತ್ತಿದ್ದಳು.

ಅವರ ಕಾಲದಲ್ಲಿ ದ್ವೀಪವೆಲ್ಲ ಒಂದೇ ಬಿಳಿ ಮನೆತನದ್ದು. ದಿನಕ್ಕೆ ಐನೂರು ಕಾಯಿ ಸುಲಿಯಬೇಕು. ಕೂಲಿ ಅಂತ ಕೊಡುತ್ತಿದ್ದದ್ದು ಬಿಲ್ಲೆ, ಅದು ಆ ಮನೆತನದ ಅಂಗಡಿಯಲ್ಲಿ ಮಾತ್ರ ನಡೆಯುತ್ತಿತ್ತು. ಆಮೇಲೆ ಓಟು ನಡೆದು, ನಾವು ಆಸ್ಟ್ರೇಲಿಯಾಕ್ಕೆ ಸೇರುತ್ತೇವೆ ಅಂತ ಜನ ಒತ್ತಿದರು. ಯಾವ ವರ್ಷ ಅಂತ ಕೇಳಿದೆ. ಎಂಬತ್ತನಾಲ್ಕು ಅಂದರು.

"ನಾನು ಸ್ಕೂಲು ಬಿಟ್ಟ ವರ್ಷ ಅಂತ ಹೇಳಮ್ಮ."

ಸವಿತ ಹೇಳಿದಳು. ಅವರು ನಕ್ಕು ಏನೋ ಅಂದರು. "ಆ ವರ್ಷ ಇವರು ಯಜಮಾನನ್ನ ಬಿಟ್ರಂತೆ, ನೀವು ಮೇಷ್ಟ್ರನ್ನ ಬಿಟ್ರಿ ಅಂತಿದಾರೆ."

ಯಜಮಾನ ಹೋದ. ಕೆಲವೇ ವರ್ಷಕ್ಕೆ ಕೊಬ್ಬರಿಯೂ ಹೋಯಿತು. ಈಗ ಸರ್ಕಾರದ ಕೆಲಸ ಇದ್ದವರಿಗೆ ಕೆಲಸ, ಇಲ್ಲದವರಿಗೆ ಭತ್ಯೆ. ಮಕ್ಕಳು ಪರ್ತಿನ ಕಡೆ. ಸಮುದ್ರ ಏರುತ್ತಿದೆ, ಮುಂದೊಂದು ದಿನ ಊರನ್ನೇ ಎತ್ತಬೇಕಾಗಬಹುದು ಅಂತ ಮಾತು ನಡೆದಿದೆಯಂತೆ. ಯಗಚಿ ಹೊಳೆಗೆ ಕಟ್ಟೆ ಕಟ್ಟಿದಾಗ ಜಮೀನು ನೀರಿಗೆ ಕೊಟ್ಟವರನ್ನು ನಾನು ಕಂಡಿದ್ದೀನಿ. ಅವರಿಗೆ ಹೋಗೋಕೆ ಮೇಲೆ ನೆಲವಾದರೂ ಇತ್ತು.

ಊಟವಾದ ಮೇಲೆ ಹಿತ್ತಿಲಿಗೆ ಕರೆದರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆ. ಕಾಯಿ ಸುಲಿದು ತೋರಿಸಿ ಅಂದರು. ತಜ್ಞ ಅಂತ ಬಂದವನು, ಬಿಡೋಕಾಗುತ್ತಾ? ನಾನು ಆರು ಸುಲಿಯುವಷ್ಟರಲ್ಲಿ ಅವರು ಹತ್ತು ಸುಲಿದು, ಕೈ ಒರೆಸಿಕೊಂಡು, ನನಗೆ ನೀರು ತರೋಕೆ ಹೋದರು. "ನಮ್ಮ ಮೊನೆಯ ಹದ ಬೇರೆ" ಅಂದೆ. ಸವಿತ ಅದನ್ನು ತಿರುಗಿಸಲಿಲ್ಲ.

"ಶೆಡ್ಡು ಉಳಿದ್ರೆ," ನೀರು ಕೊಡುತ್ತಾ ಅವರು ಹೇಳಿದ್ದನ್ನು ಸವಿತ ಹೇಳಿದಳು, "ಅಮೀನಾನ ಗಂಡ ಪರ್ತಿಂದ ವಾಪಸ್ ಬರ್ತೀನಿ ಅಂದಿದಾನಂತೆ. ಆ ನಾಲ್ಕು ಕೆಲಸದಲ್ಲಿ ಒಂದು ಅವನಿಗೆ. ಮಗಳು ಮನೆಗೆ ಬಂದ ಹಾಗಾಗುತ್ತೆ ಅಂತಾರೆ."

ಅಟ್ಟ ಬಿಚ್ಚಿದ ದಿನ

ಪಂಚಾಯ್ತಿಯಿಂದ ಮೂರು ಜನ ಬಂದರು. ಬೀದಿಯ ಹೆಂಗಸರು ತಟ್ಟೆಯಲ್ಲಿ ತಿಂಡಿ ಹಿಡಿದು ಬಂದರು. ಶೆಡ್ಡಿನ ಬಾಗಿಲು ತೆಗೆದ ಕೂಡಲೇ ನನಗೆ ವಾಸನೆ ಬಡಿಯಿತು. ನನ್ನ ಅಟ್ಟದ ವಾಸನೆ ಅದಲ್ಲ.

ಏಣಿ ಹತ್ತಿದೆ. ಗಳುಗಳ ಸಂದಿನಿಂದ ಬಿಳೀ ಬೇರು ಜೋತು ಬಿದ್ದಿದ್ದವು. ಕತ್ತಲಲ್ಲಿ ಬೆಳೆದ ಮೊಳಕೆಗಳು, ಹಸಿರಿಲ್ಲದೆ, ಹೆಣದ ಬೆರಳಿನ ಹಾಗೆ. ಒಂದು ಕಾಯಿ ಎತ್ತಿ ಅಲ್ಲಾಡಿಸಿದೆ. ಸದ್ದಿಲ್ಲ. ಇನ್ನೊಂದು ಎತ್ತಿದರೆ ಮಟ್ಟೆ ಕೈಯಲ್ಲೇ ಕಿತ್ತುಬಂತು. ಗಡಗಡ ಅನ್ನುವ ಒಂದೇ ಒಂದು ಕಾಯಿಗಾಗಿ ಮುನ್ನೂರನ್ನೂ ಅಲ್ಲಾಡಿಸಿದೆ. ಕೆಳಗೆ ಎಲ್ಲರೂ ಕತ್ತೆತ್ತಿ ನಿಂತಿದ್ದರು.

ಹತ್ತು ಕಾಯಿ ಇಳಿಸಿ ಒಡೆದೆ. ನಾಲ್ಕು ಕೊಳೆತಿದ್ದವು. ಆರರಲ್ಲಿ ಒಳಗೆ ಹೂ ತುಂಬಿತ್ತು. ದೇವರಿಗೆ ಒಡೆದ ಕಾಯಲ್ಲಿ ಹೂ ಬಂದರೆ ನಮ್ಮಲ್ಲಿ ಶುಭ ಅಂತಾರೆ, ಮನೆಗೆ ಒಯ್ದು ಹಂಚುತ್ತಾರೆ. ಸವಿತ ಪಾಪ, ನನ್ನ ಮುಖ ನೋಡಿ, "ಮಾವ, ಹೂ ಬಂದಿದೆ, ಒಳ್ಳೇದಲ್ವಾ?" ಅಂದಳು. ನಾನು ಹೋಳುಗಳನ್ನು ಮಗುಚಿ ಇಟ್ಟೆ.

ಪಂಚಾಯ್ತಿಯವರಲ್ಲಿ ಒಬ್ಬ ಹೆಂಗಸು ಕೇಳಿದರು, ಏನಾಯಿತು ಅಂತ. ಆಗ ನನ್ನ ಬಾಯಿಂದ ಬಂದದ್ದನ್ನು ಬರೆಯೋಕೆ ನಾಚಿಕೆ. ಆದರೂ ಬರೀತೀನಿ.

"ಇಲ್ಲೀ ಕಾಯೇ ಸರಿಯಿಲ್ಲ ಅಂತ ಹೇಳಮ್ಮ. ಉಪ್ಪು ಗಾಳಿ, ಮರಳು ನೆಲ. ಈ ಕಾಯಿ ಕೊಬ್ಬರಿ ಆಗೋ ಜಾತಿ ಅಲ್ಲ."

ಸವಿತ ಸಣ್ಣ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಬರೆದುಕೊಂಡರು. ಪಾಕ್ ಅಮೀನಾ ನೆಲ ನೋಡುತ್ತಾ ನಿಂತಿದ್ದರು. ಜೀವಮಾನವಿಡೀ ಅದೇ ಕಾಯಿಂದ ಕೊಬ್ಬರಿ ಮಾಡಿದ ಮನುಷ್ಯ. ಹೆಂಗಸರು ತಂದ ತಿಂಡಿಯನ್ನು ಎಲ್ಲರೂ ತಿಂದರು. ನನಗೂ ಕೊಟ್ಟರು.

ಮಾರನೇ ದಿನ

ಬೆಳಿಗ್ಗೆ ಮನೆಗೆ ಫೋನ್ ಮಾಡಿದೆ. ದ್ವೀಪದಲ್ಲಿ ನಮ್ಮೂರಿಗಿಂತ ಒಂದು ಗಂಟೆ ಮುಂದೆ. ನಮ್ಮನೆಯವಳು ಜಯಮ್ಮ ಆಗಷ್ಟೇ ಎದ್ದು ಒಲೆ ಹಚ್ಚುತ್ತಿದ್ದಳು. ಫೋನಿನಲ್ಲೇ ಊದುವ ಸದ್ದು. ಎಲ್ಲಾ ಹೇಳಿದೆ.

"ಮೊಳ್ತೋದ್ವಾ? ಹೊಗೆ ಹಾಕಿರ್ನಿಲ್ವಾ?"

"ಎಂಥಾ ಹೊಗೆಯೇ?"

"ನೀರೊಲೆ ಹೊಗೆ ಕಣ್ರೀ. ಮಳೆಗಾಲ್ದಾಗೆ ಹಸಿ ಮಟ್ಟೆ ಮುಚ್ಚಿ ಸಂಜೆಗಂಟ ಹೊಗೆ ಆಡುಸ್ತೀನಲ್ಲ, ಅದ ಹೇಳ್ಕೊಟ್ರಾ ಅವ್ರಿಗೆ?"

"ಅದು ಸ್ನಾನದ ನೀರಿಗಲ್ವಾ?"

ಆಕಡೆ ಊದುವ ಸದ್ದು ನಿಂತಿತು.

"ಸ್ನಾನುಕ್ಕೆ ಸಂಜೆಗಂಟ ಯಾರಾರ ಒಲೆ ಉರುಸ್ತಾರಾ? ಮ್ಯಾಗೆ ಅಟ್ಟ ಐತಲ್ಲ, ಅದ್ಕೆ ಕಣ್ರೀ. ನಿಮ್ಮವ್ವ ಸಾಯೋಗಂಟ ಮಾಡ್ಳು, ಆಮ್ಯಾಕೆ ನಾನು. ನಿಮ್ಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ನಲವತ್ತು ವರ್ಷ ಆ ಅಟ್ಟಕ್ಕೆ ಕಾಯಿ ಏರಿಸಿದ್ದೀನಿ, ಇಳಿಸಿದ್ದೀನಿ. ಆ ಒಲೆಯ ನೀರನ್ನು ದಿನಾ ಮೈಮೇಲೆ ಸುರಿದುಕೊಂಡಿದ್ದೀನಿ. ಹೊಗೆ ಕಣ್ಣಿಗೆ ಬಂದಾಗ ಬೈದಿದ್ದೀನಿ. ಸಿಮೆಂಟಿನ ಬಚ್ಚಲು ಕಟ್ಟಿಸಿ ಗ್ಯಾಸ್ ಗೀಸರು ಹಾಕಿಸೋಣ ಅಂತ ಎರಡು ಸಲ ಹೊರಟಿದ್ದೆ. ಅವಳು ಬೇಡ ಅಂದಳು. ಜಿಪುಣಿ ಅಂತ ಬಸಣ್ಣನ ಹತ್ತಿರ ಆಡಿಕೊಂಡಿದ್ದೆ.

ಸವಿತನನ್ನು ಎಬ್ಬಿಸಿ ಹೋಮ್ ಐಲೆಂಡಿಗೆ ಮೊದಲ ದೋಣಿ ಹತ್ತಿದೆ. ಪಂಚಾಯ್ತಿ ಆಫೀಸಿಗೆ ಹೋಗಿ, ತಪ್ಪು ಕಾಯಿಯದಲ್ಲ, ನನ್ನದು, ಇನ್ನೊಂದು ವರ್ಷ ಕೊಡಿ, ಹೊಗೆ ಹಾಕಿದರೆ ಆಗುತ್ತೆ ಅಂದೆ. ನಿನ್ನೆಯ ಹೆಂಗಸೇ ಇದ್ದರು. ಕುರ್ಚಿ ಕೊಟ್ಟರು, ಪೂರ್ತಿ ಕೇಳಿದರು. ಆಮೇಲೆ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ನಿನ್ನೆ ಸಂಜೆಯೇ ತೀರ್ಮಾನ ಆಗಿತ್ತು. ಇಲ್ಲಿಯ ಕಾಯಿ ಉಂಡೆ ಕೊಬ್ಬರಿಗೆ ಬಾರದು ಅಂತ ತಜ್ಞರ ಅಭಿಪ್ರಾಯ, ಶೆಡ್ಡು ದೋಣಿಯವರಿಗೆ. ದೋಣಿಯವರಿಗೆ ಕಾಗದವೂ ಹೋಗಿತ್ತು. ನಮ್ಮ ತಾಲ್ಲೂಕು ಆಫೀಸಾಗಿದ್ದರೆ ಆ ಫೈಲು ಇನ್ನೂ ಆರು ತಿಂಗಳು ಯಾರ ಮೇಜಿನ ಮೇಲೋ ನಿದ್ದೆ ಮಾಡುತ್ತಿತ್ತು, ಅಷ್ಟರಲ್ಲಿ ನನ್ನ ಮಾತು ವಾಪಸ್ ತಗೋಬಹುದಿತ್ತು.

"ಅವರ ಹತ್ರ ನಿಮ್ಮ ಮಾತು ಬಿಟ್ರೆ ಬೇರೆ ಏನೂ ಇರಲಿಲ್ವಂತೆ ಮಾವ," ಅಂದಳು ಸವಿತ. "ನೀವು ಹೇಳಿದ್ದನ್ನೇ ನಂಬಿದ್ವಿ ಅಂತಿದಾರೆ."

ಪಾಕ್ ಅಮೀನಾ ಶೆಡ್ಡಿನ ಹೊರಗೆ ಕಾಯಿಗಳನ್ನು ತಳ್ಳುಗಾಡಿಗೆ ತುಂಬುತ್ತಿದ್ದರು. ನಾನೂ ಕೈ ಹಾಕಿದೆ. ಒಂದು ಗಾಡಿ ತುಂಬಿದೆವು. ಆಮೇಲೆ ಹೇಳಿದೆ, ಹೊಗೆ ಬೇಕಿತ್ತು, ನೀವು ಕೇಳಿದ್ದೇ ಸರಿ ಅಂತ. ಸವಿತ ತಿರುಗಿಸಿದಳು. ಅವರು ತಲೆಯಾಡಿಸಿದರು. ಆರನೇ ತಿಂಗಳಿಗೇ ಬೇರು ಕಂಡಿತ್ತಂತೆ.

"ಮತ್ತೆ ಯಾಕೆ ಹೊಗೆ ಹಾಕಲಿಲ್ಲ ಅಂತ ಕೇಳಮ್ಮ. ಯಾಕೆ ಇನ್ನೊಂದು ಸಲ ಫೋನ್ ಮಾಡಿಸಲಿಲ್ಲ?"

ಅವರು ಕಾಯನ್ನು ಗಾಡಿಯಲ್ಲಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ನಿಧಾನವಾಗಿ ಹೇಳಿದರು. ಸವಿತ ನನ್ನ ಮುಖ ನೋಡದೆ ಕನ್ನಡಕ್ಕೆ ತಂದಳು.

"ಎರಡು ಸಲ ಕೇಳಿದೆ. ಎರಡನೇ ಸಲ ನಿಮಗೆ ಕೋಪ ಬಂತು ಅಂತ ಈ ಹುಡುಗಿಯ ಮುಖದಲ್ಲೇ ಗೊತ್ತಾಯ್ತು. ಕೆಲಸ ಕಲಿಸೋರಿಗೆ ಮೂರನೇ ಸಲ ಕೇಳೋದು ನಮ್ಮಲ್ಲಿ ಮರ್ಯಾದೆ ಅಲ್ಲ. ಬೇರು ಬರೋದೂ ನಿಮ್ಮ ಪದ್ಧತಿಯೇ ಏನೋ ಅಂದುಕೊಂಡೆ. ಹಾಗೆ ನಂಬೋದು ನನಗೂ ಬೇಕಿತ್ತು."

ಅಮೀನಾಗೆ ಹೇಳಿದಿರಾ ಅಂತ ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅವರೇ ಅಂದರು, ಅಳಿಯ ಪರ್ತಿನಲ್ಲೇ ಕೆಲಸ ಮುಂದುವರಿಸುತ್ತಾನೆ ಅಂತ. ಗಾಡಿಯನ್ನು ಸಮುದ್ರದ ದಡಕ್ಕೆ ತಳ್ಳಿಕೊಂಡು ಹೋಗಿ ಸುರಿದೆವು. ಐದು ಸಲ ಹೋಗಿ ಬಂದೆವು. ಅಲೆ ಕೆಲವನ್ನು ಎಳೆದುಕೊಂಡಿತು, ಕೆಲವನ್ನು ವಾಪಸ್ ತಂದು ಹಾಕಿತು. ನಾವು ಕೊನೆಯ ಗಾಡಿ ತುಂಬುವಾಗಲೇ ಇಬ್ಬರು ಬಂದು ಬಾಗಿಲಿನ ಅಳತೆ ತೆಗೆಯುತ್ತಿದ್ದರು.

ಮನೆ

ಬಂದು ಎರಡು ತಿಂಗಳಾಯಿತು. ಅರಸೀಕೆರೆಯಲ್ಲಿ ಬಸಣ್ಣ ಕೇಳಿದ, "ಹೆಂಗಿತ್ತಪ್ಪಾ ಫಾರಿನ್ನು?" ಚೆನ್ನಾಗಿತ್ತು ಅಂದೆ. ಅವನಿಗೆ ಹೇಳದ್ದನ್ನು ಇಲ್ಲಿ ಬರೆದಿದ್ದೀನಿ, ಓದಲಿ.

ಜಯಮ್ಮನಿಗೆ ಮೊಣಕಾಲು ನೋವು. ಬಗ್ಗಿ ಊದೋಕೆ ಆಗಲ್ಲ ಅಂತ ಈ ನಡುವೆ ದಿನಾ ಅನ್ನುತ್ತಾಳೆ. ನಾನು ಹಚ್ಚುತ್ತೀನಿ ಬಿಡು ಅಂತ ಹೋದ ವಾರ ಕೂತೆ. ಮಟ್ಟೆ ಒಂದೋ ಧಗ್ಗನೆ ಉರಿಯಿತು, ಇಲ್ಲವೇ ಆರಿಹೋಯಿತು. ಹೊಗೆ ಆಡಲೇ ಇಲ್ಲ. "ಏಳ್ರೀ, ಕಾಯಿ ಕರಕಲಾಗೋದಾವು" ಅಂತ ಎಬ್ಬಿಸಿ, ಗೋಡೆ ಹಿಡಿದುಕೊಂಡು ಅವಳೇ ಕೂತಳು.

ಈಗ ನನಗಿರುವುದು ತೆಂಗಿನ ಮರ ನೂರ ನಲವತ್ತು, ಅದರಲ್ಲಿ ರೋಗ ಬಂದದ್ದು ಮೂವತ್ತೆರಡು. ಹಸು ಎರಡು. ಅಟ್ಟ ಒಂದು. ಅದರ ಮೇಲೆ ಕಾಯಿ ನಾಲ್ಕು ಸಾವಿರ ಚಿಲ್ಲರೆ. ಅದರ ಕೆಳಗೆ ಒಲೆ ಒಂದು. ಅದರಲ್ಲಿ ಹೊಗೆ ಆಡಿಸೋಕೆ ಬರುವವರು ಮನೆಯಲ್ಲಿ ಒಬ್ಬರು, ಅದು ನಾನಲ್ಲ.